ಸಾಹಸ ಚಿತ್ರದ ಪೋಸ್ಟರನ್ನು ಕೈಯಿಂದಲೇ ಬರೆಯುವ ಬಗೆ

ಕಾಮಿಕ್ಸ್ ಪುಸ್ತಕಗಳನ್ನೂ ಹೊಡೆದಾಟದ ಸಿನಿಮಾಗಳ ಪೋಸ್ಟರುಗಳನ್ನೂ ಒಂದೇ ಅಕ್ಕರೆಯಿಂದ ನೋಡುವವರಿಗೆ ಅವುಗಳ ನಡುವಿನ ನಂಟನ್ನು ವಿವರಿಸಬೇಕಾಗಿಲ್ಲ. ಅಲುಗಾಡದ ಕಾಗದದ ಮೇಲೆ ವೇಗವನ್ನು ತರಬೇಕು, ಅದೂ ನೋಡುವವನು ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬ ಎಚ್ಚರದಿಂದ ತರಬೇಕು ಎಂಬ ತೊಡಕು ಎರಡಕ್ಕೂ ಸಮಾನವಾದದ್ದು. ಕಾಮಿಕ್ಸ್ ಕಲಾವಿದರು ಇದನ್ನು ಮುಖ್ಯವಾಗಿ ಭಂಗಿ ಮತ್ತು ರೇಖೆಗಳಿಂದ ಸಾಧಿಸಿದರು. ಪೋಸ್ಟರ್ ಬರೆಯುವವರು ಬೆಳಕಿನಿಂದ ಸಾಧಿಸಿದರು. ಚಿತ್ರಕಲೆಯಲ್ಲಿ ಅಲ್ಪಸ್ವಲ್ಪ ಕೈ ಪಳಗಿರುವ ಅಭಿಮಾನಿಯೊಬ್ಬರು ಈ ಎರಡು ವಿದ್ಯೆಗಳನ್ನು ಕೂಡಿಸಿ, ತಮ್ಮ ಮೆಚ್ಚಿನ ಅಥವಾ ತಾವೇ ಕಲ್ಪಿಸಿಕೊಂಡ ಸಾಹಸ ಚಿತ್ರಕ್ಕೆ ಮನೆಯ ಮೇಜಿನ ಮೇಲೆಯೇ ಒಂದು ಪೋಸ್ಟರನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ಹೇಳಲಾಗಿದೆ.

ಮೊದಲು ಅಳತೆ. ನಮ್ಮ ದೇಶದ ಸಿನಿಮಾ ಪೋಸ್ಟರಿನ ರೂಢಿಯ ಅಳತೆ 30 ಅಂಗುಲ ಅಗಲ, 40 ಅಂಗುಲ ಎತ್ತರ. ಹೊಸಬರಿಗೆ ಅದರ ಅರ್ಧ, ಅಂದರೆ 15 ಮತ್ತು 20 ಅಂಗುಲದ ದಪ್ಪ ರಟ್ಟು ಸಾಕು. ಕರಡು ಚಿತ್ರವನ್ನು ಅದೇ ಪ್ರಮಾಣದಲ್ಲಿ 3 ಮತ್ತು 4 ಅಂಗುಲದ ಚೌಕಟ್ಟಿನೊಳಗೆ ಮಾಡಿಕೊಳ್ಳಬೇಕು. ಇಷ್ಟು ಚಿಕ್ಕ ಜಾಗದಲ್ಲಿ ಬೆಲ್ಟಿನ ಬಕಲ್ಲು, ಪಿಸ್ತೂಲಿನ ತಿರುಪು ಮುಂತಾದ ವಿವರಗಳಿಗೆ ಅವಕಾಶವೇ ಇಲ್ಲದಿರುವುದು ಒಂದು ಅನುಕೂಲ, ಏಕೆಂದರೆ ಕಣ್ಣು ಆಕಾರಗಳ ಮೇಲೆಯೇ ನಿಲ್ಲುತ್ತದೆ. ಇಂಥ ಹತ್ತಾರು ಕರಡುಗಳನ್ನು ಮಾಡಿ, ಗೋಡೆಗೆ ಅಂಟಿಸಿ, ಕೋಣೆಯ ಆಚೆ ತುದಿಯಿಂದ ನೋಡಿದಾಗ ಯಾವುದು ತಕ್ಷಣ ಅರ್ಥವಾಗುತ್ತದೆಯೋ ಅದನ್ನು ಉಳಿಸಿಕೊಳ್ಳಬೇಕು.

ಭಂಗಿಯ ವಿಚಾರದಲ್ಲಿ ಆತುರ ಸಲ್ಲದು, ಏಕೆಂದರೆ ಇಲ್ಲಿ ಸೋತ ಪೋಸ್ಟರನ್ನು ಮುಂದೆ ಯಾವ ಬಣ್ಣವೂ ಎತ್ತಿ ನಿಲ್ಲಿಸುವುದಿಲ್ಲ. ನಾಯಕನ ಹಿಮ್ಮಡಿಯಿಂದ ನೆತ್ತಿಯವರೆಗೆ, ಬೇಕಾದರೆ ಚಾಚಿದ ಕೈಯ ತುದಿಯವರೆಗೆ, ಒಂದೇ ಬಾಗಿದ ಗೆರೆಯನ್ನು ಎಳೆದು ಆ ಗೆರೆಗೆ ಮೈಯನ್ನು ಒಗ್ಗಿಸಬೇಕು. ಗೆರೆ ನೆಟ್ಟಗಿದ್ದರೆ ಆತ ನಿಂತಿರುತ್ತಾನೆ, ಓರೆಯಾಗಿ ಬಾಗಿದ್ದರೆ ನುಗ್ಗುತ್ತಿರುತ್ತಾನೆ. ಗುದ್ದು ತಾಗಿದ ಕ್ಷಣವನ್ನು ಬರೆಯುವುದಕ್ಕಿಂತ ಅದಕ್ಕೆ ತುಸು ಮುಂಚಿನ, ಮುಷ್ಟಿ ಪೂರ್ತಿ ಹಿಂದಕ್ಕೆ ಸೆಳೆದ ಕ್ಷಣವನ್ನೋ, ಹೊಡೆತ ಮುಗಿದು ಕೈ ಆಚೆ ದಾಟಿದ ಕ್ಷಣವನ್ನೋ ಬರೆಯುವುದು ಮೇಲು. ನಡುವಿನ ಕ್ಷಣವನ್ನು ನೋಡುವವನ ಮನಸ್ಸೇ ತುಂಬಿಕೊಳ್ಳುತ್ತದೆ. ಮನುಷ್ಯನ ಎತ್ತರ ಸಾಮಾನ್ಯವಾಗಿ ಏಳೂವರೆ ತಲೆಗಳಷ್ಟಿರುತ್ತದೆ. ಕಾಮಿಕ್ಸ್ ನಾಯಕರನ್ನು ಎಂಟು, ಎಂಟೂವರೆ ತಲೆಗಳಷ್ಟು ಎತ್ತರಕ್ಕೆ ಬರೆಯುವ ವಾಡಿಕೆಯಿದ್ದು, ಆ ಹೆಚ್ಚಳವನ್ನು ಕಾಲುಗಳಿಗೆ ಕೊಟ್ಟರೆ ಆಕೃತಿಗೆ ಗತ್ತು ಬರುತ್ತದೆ.

ಇನ್ನೊಂದು ಅಸ್ತ್ರವನ್ನು ಅಮೆರಿಕದ ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿಯಿಂದ ಕಲಿಯಬೇಕು. ಆತನ ಪುಟಗಳಲ್ಲಿ ಓದುಗನ ಕಡೆಗೆ ಚಾಚಿದ ಮುಷ್ಟಿ ಕೆಲವೊಮ್ಮೆ ತಲೆಗಿಂತಲೂ ದೊಡ್ಡದಾಗಿರುತ್ತದೆ, ತೋಳು ಕುಗ್ಗಿ ಅದರ ಹಿಂದೆ ಅಡಗಿರುತ್ತದೆ. ಇದನ್ನು ಊಹೆಯಿಂದ ಬರೆಯಲು ಹೊರಟರೆ ಕೈ ಊದಿಕೊಂಡಂತೆ ಕಾಣುವ ಅಪಾಯವಿದೆ. ಆದ್ದರಿಂದ ಗೆಳೆಯರೊಬ್ಬರನ್ನು ನಿಲ್ಲಿಸಿ, ಮೊಬೈಲನ್ನು ಅವರ ಮುಷ್ಟಿಗೆ ಸುಮಾರು ಒಂದಡಿಯಷ್ಟು ಹತ್ತಿರ ಹಿಡಿದು, ಸೊಂಟದ ಮಟ್ಟದಿಂದ ಮೇಲ್ಮುಖವಾಗಿ ಫೋಟೋ ತೆಗೆಯಬೇಕು. ಮುಖದ ಫೋಟೋಗೆ ಅಂದಗೆಡಿಸುವುದು ಎಂದು ನಾವು ದೂರುವ ಆ ಹತ್ತಿರದ ನೋಟವೇ ಇಲ್ಲಿ ಬೇಕಾದ ಉತ್ಪ್ರೇಕ್ಷೆಯನ್ನು ಪುಕ್ಕಟೆಯಾಗಿ ಕೊಡುತ್ತದೆ.

ಒಂದು ಪೋಸ್ಟರಿಗೆ ಒಂದೇ ಭಂಗಿ ಎಂಬ ನಿಯಮವನ್ನು ಹಟದಿಂದ ಪಾಲಿಸುವುದು ಒಳ್ಳೆಯದು. ಇಂದಿನ ಎಷ್ಟೋ ಪೋಸ್ಟರುಗಳಲ್ಲಿ ತಾರಾಗಣದ ಎಲ್ಲರ ತಲೆಗಳೂ ಆಕಾಶದಲ್ಲಿ ಸಾಲಾಗಿ ತೇಲುತ್ತವೆ. ಅದು ಕಲಾವಿದನ ತೀರ್ಮಾನಕ್ಕಿಂತ ಒಪ್ಪಂದಪತ್ರದ ತೀರ್ಮಾನದಂತೆ ಕಾಣುತ್ತದೆ. ಅಭಿಮಾನಿಗೆ ಅಂಥ ಯಾವ ಕರಾರೂ ಇಲ್ಲ. ಖಳನಾಯಕ ಬೇಕೇ ಬೇಕು ಎನಿಸಿದರೆ ಅವನ ಮುಖವನ್ನು ಹಿನ್ನೆಲೆಯಲ್ಲಿ ಬೃಹದಾಕಾರವಾಗಿ, ಮಬ್ಬಾಗಿ, ಒಂದೆರಡೇ ಬಣ್ಣಗಳಲ್ಲಿ ಇಟ್ಟು, ನಾಯಕನ ಪೂರ್ಣಾಕೃತಿಯನ್ನು ಅದರ ಮುಂದೆ ಚಿಕ್ಕದಾಗಿ ಆದರೆ ಸ್ಪಷ್ಟವಾಗಿ ನಿಲ್ಲಿಸಬಹುದು.

ಆಯ್ದ ಕರಡನ್ನು ದೊಡ್ಡದು ಮಾಡುವುದು ಸುಲಭದ ಕೆಲಸ. ಕರಡಿನ ಮೇಲೆ ಅರ್ಧ ಅಂಗುಲದ ಚೌಕಗಳನ್ನೂ, ರಟ್ಟಿನ ಮೇಲೆ ಎರಡೂವರೆ ಅಂಗುಲದ ಚೌಕಗಳನ್ನೂ ಪೆನ್ಸಿಲಿನಿಂದ ನಸುವಾಗಿ ಎಳೆದರೆ ಎರಡರಲ್ಲೂ ಅಡ್ಡಕ್ಕೆ 6, ಉದ್ದಕ್ಕೆ 8 ಮನೆಗಳು ಬರುತ್ತವೆ; ಒಂದೊಂದು ಮನೆಯಲ್ಲಿರುವುದನ್ನು ಅದರದರ ಮನೆಗೆ ಇಳಿಸುತ್ತ ಹೋಗಬೇಕು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದಂಥ ಮುಗಿಲೆತ್ತರದ ಕಟೌಟುಗಳ ಕೆಲಸಕ್ಕೂ, ಫ್ಲೆಕ್ಸ್ ಬರುವ ಮುನ್ನ, ಚೌಕ ಹಾಕಿ ಹಿಗ್ಗಿಸುವ ಈ ಉಪಾಯವೇ ಆಧಾರವಾಗಿತ್ತು.

ಮುಖದ ಹೋಲಿಕೆ ತರುವುದು ಕಷ್ಟವೆನಿಸುವವರಿಗೆ ಹಿಂದಿ ಚಿತ್ರರಂಗದ ಪೋಸ್ಟರ್ ಕಲಾವಿದರ ಒಂದು ಹಳೆಯ ದಾರಿ ತೆರೆದಿದೆ. ಅವರು ಸ್ಥಿರಚಿತ್ರಗಳನ್ನು ಕತ್ತರಿಸಿ ಅಂಟಿಸಿ, ಅವುಗಳ ಮೇಲೆಯೇ ಬಣ್ಣ ಹಚ್ಚುತ್ತಿದ್ದರು. 1970ರ ದಶಕದಲ್ಲಿ ದಿವಾಕರ್ ಕರ್ಕರೆ ಅವರು ಕುಂಚದ ಜೊತೆಗೆ ಚಪ್ಪಟೆ ಚಾಕುವಿನಿಂದ ದಪ್ಪ ಬಣ್ಣವನ್ನು ಮೆತ್ತಿ ಮುಖಗಳಿಗೆ ಕೊಟ್ಟ ಒರಟು ಬಿರುಸು, ಸಿಟ್ಟಿನ ನಾಯಕನ ಆ ಕಾಲಕ್ಕೆ ಚೆನ್ನಾಗಿಯೇ ಹೊಂದಿತು. ಈ ದಾರಿ ಹಿಡಿಯುವವರು ಫೋಟೋವನ್ನು ಕಪ್ಪು-ಬಿಳುಪಿನಲ್ಲಿ, ಲೇಸರ್ ಮುದ್ರಣದಲ್ಲಿ ತೆಗೆಸಬೇಕು. ಇಂಕ್‌ಜೆಟ್ ಮುದ್ರಣದ ಶಾಯಿ ನೀರು ತಾಗಿದರೆ ಸಾಮಾನ್ಯವಾಗಿ ಹರಡುತ್ತದೆ. ಬಿಳಿ ಅಂಟನ್ನು ತೆಳುವಾಗಿ ಬಳಿದು, ನಡುವಿನಿಂದ ಅಂಚಿನ ಕಡೆಗೆ ಒತ್ತಿ ಗಾಳಿ ಹೊರದೂಡಿ, ರಟ್ಟಿನ ಹಿಂಬದಿಗೂ ಒಂದು ಹಾಳೆಯನ್ನು ಅಂಟಿಸಿ ರಾತ್ರಿಯಿಡೀ ಭಾರದ ಕೆಳಗೆ ಇಡಬೇಕು. ಹಿಂದಿನ ಹಾಳೆಯಿಲ್ಲದಿದ್ದರೆ ಒಣಗುವಾಗ ರಟ್ಟು ಒಂದು ಬದಿಗೆ ಸೊಟ್ಟಗಾಗುತ್ತದೆ.

ಬಣ್ಣಕ್ಕೆ ಕೈಹಾಕುವ ಮುನ್ನ ಬೆಳಕು ಎಲ್ಲಿಂದ ಬರುತ್ತದೆ ಎಂಬುದು ನಿಶ್ಚಯವಾಗಬೇಕು. ಸಾಹಸ ಚಿತ್ರದ ಪೋಸ್ಟರಿಗೆ ಎಂದೂ ಕೈಕೊಡದ ಏರ್ಪಾಡೊಂದಿದೆ: ಕೆಳಗಿನಿಂದ ಅಥವಾ ಪಕ್ಕದಿಂದ ಬೆಂಕಿಯ ಬಣ್ಣದ ಬಿಸಿ ಬೆಳಕು, ಬೆನ್ನ ಹಿಂದಿನಿಂದ ನೀಲಿ ಛಾಯೆಯ ತಣ್ಣನೆಯ ಬೆಳಕು. ಬಿಸಿ ಬೆಳಕು ಮುಖದ ಭಾವವನ್ನು ಕಾಣಿಸುತ್ತದೆ. ತಣ್ಣನೆಯದು ಭುಜ, ಕೂದಲು, ಕೈಗಳ ಅಂಚಿನಲ್ಲಿ ಸಣ್ಣ ಪಟ್ಟಿಯಾಗಿ ಹರಿದು ಆಕೃತಿಯನ್ನು ಹಿನ್ನೆಲೆಯಿಂದ ಬಿಡಿಸಿ ನಿಲ್ಲಿಸುತ್ತದೆ. ಕಾಮಿಕ್ಸಿನ ಕಪ್ಪು ಹೊರರೇಖೆ ಮಾಡುವ ಕೆಲಸವನ್ನು ಇಲ್ಲಿ ಈ ಅಂಚಿನ ಬೆಳಕು ಮಾಡುವುದರಿಂದ, ಎಲ್ಲ ಕಡೆಯೂ ಕಪ್ಪು ಗೆರೆ ಎಳೆಯುವ ಅಗತ್ಯ ಬೀಳುವುದಿಲ್ಲ. ನೆರಳಿನ ಭಾಗದಲ್ಲಿ, ಮಡಿಕೆಗಳ ಆಳದಲ್ಲಿ ಮಾತ್ರ ಕಪ್ಪನ್ನು ಧಾರಾಳವಾಗಿ ತುಂಬಬೇಕು. ಮೊದಲು ಕಪ್ಪು, ಬೂದು, ಬಿಳಿ ಎಂಬ ಮೂರೇ ಛಾಯೆಗಳಲ್ಲಿ ಚಿತ್ರವನ್ನು ಮುಗಿಸಿ, ಕಣ್ಣನ್ನು ಕಿರಿದು ಮಾಡಿ ನೋಡಿದಾಗ ನಾಯಕ ಹಿನ್ನೆಲೆಯಲ್ಲಿ ಕರಗಿಹೋದರೆ ಬಣ್ಣ ಕಲಸದೆ ಛಾಯೆಯನ್ನೇ ತಿದ್ದಬೇಕು.

ಬಣ್ಣಗಳು ಹೆಚ್ಚು ಬೇಡ. ಕೆಂಪು, ಹಳದಿ, ಅಲ್ಟ್ರಾಮರೀನ್ ನೀಲಿ, ಕಪ್ಪು, ಬಿಳಿ ಇಷ್ಟರಲ್ಲೇ ಕೆಲಸ ನಡೆಯುತ್ತದೆ; ಹಳದಿಗೆ ತುಸು ಕಪ್ಪು ಬೆರೆಸಿದರೆ ಬರುವ ಪಾಚಿ ಹಸಿರು ಖಳನ ಮುಖಕ್ಕೆ ಹೇಳಿ ಮಾಡಿಸಿದ್ದು. ಅಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ, ಒಣಗಿದ ಮೇಲೆ ಎರಡನೆಯ ಲೇಪಕ್ಕೆ ಕದಡುವುದಿಲ್ಲ. ಅಗ್ಗವಾಗಿ ಸಿಗುವ ಪೋಸ್ಟರ್ ಕಲರ್ ಒದ್ದೆ ಕುಂಚ ತಾಗಿದೊಡನೆ ಮತ್ತೆ ಕರಗಿ ರಾಡಿಯಾಗುವುದರಿಂದ, ಅದನ್ನು ಬಳಸುವವರು ಒಂದೇ ಸಲಕ್ಕೆ ಸರಿಯಾದ ಬಣ್ಣವನ್ನು ಇಟ್ಟು ಕೈ ತೆಗೆಯಬೇಕು. ಮೊದಲು ತೆಳು ಲೇಪ, ಆಮೇಲೆ ದಪ್ಪ ಬಣ್ಣ, ಕಟ್ಟಕಡೆಗೆ ಚಾಕುವಿನಿಂದ ಹಣೆ, ಮೂಗಿನ ದಂಡೆ, ಗೆಣ್ಣುಗಳ ಮೇಲೆ ಬೆಳಕಿಗಾಗಿ ತಿಳಿ ಬಣ್ಣವನ್ನು ಮೆತ್ತುವುದು. ಸ್ಫೋಟದ ಬೆಂಕಿಯನ್ನು ನಾಯಕನ ಸುತ್ತ ಹರಡದೆ ಒಂದೇ ಕಡೆಗೆ ಇರಿಸಬೇಕು, ಇಲ್ಲವಾದರೆ ಬೆಳಕಿನ ದಿಕ್ಕು ಸುಳ್ಳಾಗುತ್ತದೆ.

ಅಕ್ಷರಗಳಿಗೆ ಜಾಗವನ್ನು ಕರಡಿನ ಹಂತದಲ್ಲೇ ಮೀಸಲಿಡಬೇಕು. ರೋಮನ್ ದೊಡ್ಡಕ್ಷರಗಳು ಒಂದೇ ಎತ್ತರದ ಇಟ್ಟಿಗೆಗಳಾಗಿರುವುದರಿಂದ ಅವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಕನ್ನಡದ ಅಕ್ಷರಗಳಿಗೆ ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತಕ್ಷರ ಇರುವುದರಿಂದ ಅವುಗಳಿಗೆ ಬೇರೆಯೇ ಲೆಕ್ಕ. ಶೀರ್ಷಿಕೆಯಲ್ಲಿ ಒತ್ತಕ್ಷರವಿದ್ದರೆ ಅದರ ಕೆಳಗೆ ಅಕ್ಷರದ ಅರ್ಧದಷ್ಟಾದರೂ ಎತ್ತರವನ್ನು ಖಾಲಿ ಬಿಡಬೇಕು, ಇಲ್ಲವೇ ಒತ್ತನ್ನೇ ಅಲಂಕಾರವಾಗಿ ಮಾಡಿಕೊಂಡು ಕತ್ತಿಯ ಮೊನೆಯಂತೆ ಕೆಳಕ್ಕೆ ಚಾಚಬೇಕು. ವೇಗ ಬೇಕಿದ್ದರೆ ಇಡೀ ಸಾಲನ್ನು ಬಲಕ್ಕೆ ಏರುವಂತೆ ಓರೆ ಮಾಡಿ, ಕೊಂಬುಗಳ ತುದಿಯನ್ನು ಹರಿತಗೊಳಿಸಿ, ದುಂಡುಭಾಗಗಳನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಬೇಕು. ದುಂಡನ್ನೂ ಮೂಲೆಗಳನ್ನಾಗಿ ಕತ್ತರಿಸಿದರೆ ದೂರದಿಂದ ಓದಲಾಗುವುದಿಲ್ಲ. ಹಳದಿ ಅಕ್ಷರಕ್ಕೆ ಕೆಂಪು ಅಂಚು, ಅದರ ಹೊರಗೆ ಬಲಬದಿಗೆ ಮತ್ತು ಕೆಳಬದಿಗೆ ಕಪ್ಪು ನೆರಳು ಎಂಬ ಹಳೆಯ ಜೋಡಣೆ ಇಂದಿಗೂ ಎದ್ದು ಕಾಣುತ್ತದೆ.

ಮುಗಿದ ಚಿತ್ರವನ್ನು ಎರಡು ದಿನ ಒಣಗಲು ಬಿಟ್ಟು, ಅಕ್ರಿಲಿಕ್ ಆಗಿದ್ದರೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷನ್ನು ತೆಳುವಾಗಿ ಹಚ್ಚಬಹುದು. ಪೋಸ್ಟರ್ ಕಲರಿನ ಮೇಲೆ ಕುಂಚ ಆಡಿಸದೆ ಗಾಜಿನ ಚೌಕಟ್ಟು ಹಾಕಿಸುವುದೇ ಕ್ಷೇಮ. ಗಾಜು ಬಣ್ಣಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಇರಿಸಲು ಚೌಕಟ್ಟಿನವರಿಗೆ ಹೇಳಬೇಕು, ನೇರ ಬಿಸಿಲು ಬೀಳದ ಗೋಡೆಯನ್ನು ಆರಿಸಿಕೊಳ್ಳಬೇಕು. ನಿಜವಾದ ತಾರೆಯೊಬ್ಬರ ಮುಖವನ್ನೋ ಪ್ರಕಟಿತ ಕಾಮಿಕ್ಸಿನ ಪಾತ್ರವನ್ನೋ ಬರೆದಿದ್ದರೆ ಅದನ್ನು ಮನೆಯ ಗೋಡೆಗೆ ಮೀಸಲಿಡಬೇಕು. ಮಾರಾಟಕ್ಕೆ ಅಥವಾ ಅಂಗಿಯ ಮೇಲಿನ ಮುದ್ರಣಕ್ಕೆ ಕೊಡುವುದಾದರೆ ಹಕ್ಕುದಾರರ ಅನುಮತಿ ಬೇಕು. ಇತರರಿಗೆ ಕಳುಹಿಸಲು ಫೋಟೋ ತೆಗೆಯುವುದಿದ್ದರೆ ಗಾಜು ಹಾಕಿಸುವ ಮೊದಲೇ, ಮೋಡ ಮುಸುಕಿದ ಹಗಲಿನಲ್ಲಿ, ಫ್ಲ್ಯಾಶ್ ಇಲ್ಲದೆ, ಕ್ಯಾಮೆರಾವನ್ನು ಚಿತ್ರದ ನಡುಮಧ್ಯಕ್ಕೆ ನೇರವಾಗಿ ಹಿಡಿದು ತೆಗೆಯಬೇಕು.