ದೊಡ್ಡವರ ಕೈಗೆ ಗ್ರಾಫಿಕ್ ಕಾದಂಬರಿ: ಬಾಡಿಗೆ ಗ್ರಂಥಾಲಯದ ನನ್ನ ಅನುಭವ

ಹದಿಹರೆಯದವರಿಗೆಂದು ಬರೆದ ಕಾದಂಬರಿಗಳನ್ನೂ, ಚಿತ್ರಗಳ ಮೂಲಕವೇ ಕಥೆ ಹೇಳುವ ಗ್ರಾಫಿಕ್ ಕಾದಂಬರಿಗಳನ್ನೂ ನಲವತ್ತು ದಾಟಿದ ಸದಸ್ಯರು ಬಾಡಿಗೆ ಕೊಟ್ಟು ಒಯ್ಯುತ್ತಾರೆಂದು ನಾನು ಹೇಳಿದಾಗ, ಮೈಸೂರಿನಲ್ಲಿ ನನ್ನಂತೆಯೇ ಬಾಡಿಗೆ ಗ್ರಂಥಾಲಯ ನಡೆಸುವ ಗೆಳೆಯರು ನಕ್ಕಿದ್ದರು. ಈಗ ನನ್ನ ತಿಂಗಳ ಬಾಡಿಗೆಯ ಸುಮಾರು ಕಾಲುಭಾಗ ಇವುಗಳಿಂದಲೇ ಬರುತ್ತಿದೆ.

ಮೊದಲು ಪ್ರತ್ಯೇಕ ರ್‍ಯಾಕ್ ಮಾಡಿ ಫಲಕ ಹಾಕಿದ್ದೆ. ದೊಡ್ಡವರು ಆ ಕಡೆ ಸುಳಿಯಲಿಲ್ಲ. ಸುಳಿದ ಒಬ್ಬಿಬ್ಬರೂ ‘ಮಗಳಿಗೆ’ ಎಂದು, ಕೇಳದಿದ್ದರೂ ಸಮಜಾಯಿಷಿ ಕೊಟ್ಟು ಒಯ್ದರು. ಫಲಕ ತೆಗೆದು ಉಳಿದ ಕಾದಂಬರಿಗಳ ನಡುವೆ ಅಕಾರಾದಿಯಲ್ಲಿ ಸೇರಿಸಿದಾಗ ತೆಳ್ಳನೆಯವು ದಪ್ಪ ಪುಸ್ತಕಗಳ ನಡುವೆ ಕಾಣದಾದವು, ಅಗಲವಾದವು ಹೊರಚಾಚಿ ಮೂಲೆ ಮಡಚಿಕೊಂಡವು. ಕೊನೆಗೆ ಕೈಹಿಡಿದದ್ದು ವಾಪಸು ಬಂದ ಪುಸ್ತಕಗಳನ್ನು ಪೇರಿಸುವ ಮೇಜು. ಬೇರೊಬ್ಬರು ಓದಿ ತಂದಿಟ್ಟದ್ದರ ಮೇಲೆ ಓದುಗರಿಗಿರುವ ನಂಬಿಕೆ ನಮ್ಮ ಶಿಫಾರಸಿನ ಮೇಲಿಲ್ಲವೆಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಹೊಸದಾಗಿ ತಂದವುಗಳನ್ನೂ ಅಲ್ಲಿಯೇ, ಪತ್ತೇದಾರಿ ಕಾದಂಬರಿಗಳ ನಡುವೆ, ಮುಖಪುಟ ಮೇಲಾಗಿ ಇಡತೊಡಗಿದೆ. ಹಿಂಬದಿಯಲ್ಲಿ ಅಚ್ಚಾದ ವಯಸ್ಸಿನ ಸೂಚನೆಯ ಮೇಲೆ ನಮ್ಮ ನಂಬರಿನ ಚೀಟಿ ಅಂಟಿಸಿದೆ. ಯಾವುದರ ಪಕ್ಕ ಯಾವುದನ್ನು ಇಡಬೇಕೆಂಬ ಲೆಕ್ಕಾಚಾರವೊಂದಿದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಹೆಚ್ಚು ಕಾಡಿದ್ದು ಹಣ. ವಾಡಿಕೆಯಂತೆ ಬೆಲೆಯ ಶೇ. 10 ಹಿಡಿದರೆ 600 ರೂಪಾಯಿಯ ಪುಸ್ತಕಕ್ಕೆ 60 ರೂಪಾಯಿ ಬಾಡಿಗೆ. ಒಂದೇ ಸಂಜೆಗೆ ಮುಗಿಯುವ ಪುಸ್ತಕಕ್ಕೆ ಅಷ್ಟು ಕೊಡಲು ಯಾರಿಗೂ ಮನಸ್ಸಿಲ್ಲ. ಎರಡು ದಿನಕ್ಕೆ ಶೇ. 5 ಎಂದು ಇಳಿಸಿದ ಮೇಲೆ ಒಂದೇ ವಾರದಲ್ಲಿ ಎರಡು ಮೂರು ಕೈ ತಿರುಗತೊಡಗಿತು. ಇಪ್ಪತ್ತು ಬಾಡಿಗೆಗೆ ಹಾಕಿದ ಹಣ ಹುಟ್ಟುತ್ತದೆ.

ಆದರೆ ಹತ್ತು ಹನ್ನೆರಡು ಕೈ ದಾಟುವಷ್ಟರಲ್ಲಿ ಅಂಟಿನ ಬೆನ್ನು ಬಿಟ್ಟುಕೊಳ್ಳುತ್ತದೆ. ಬೈಂಡರ್‌ಗೆ ಕೊಟ್ಟರೆ ಪಕ್ಕದಿಂದ ಹೊಲಿಯುತ್ತಾರೆ. ಪಠ್ಯಪುಸ್ತಕಕ್ಕೆ ಅದು ಸರಿ. ಇಲ್ಲಿ ಎರಡು ಪುಟಗಳಿಗೆ ಹರಡಿದ ಚಿತ್ರದ ನಡುಭಾಗವೂ, ಮಾತಿನ ಗುಳ್ಳೆಯಲ್ಲಿನ ಅರ್ಧ ಮಾತೂ ಹೊಲಿಗೆಯೊಳಗೆ ಹೋಗುತ್ತವೆ. ಹಾಗಾಗಿ ನಾನೇ ಹಳೆಯ ಅಂಟು ಕೆರೆದು, ಹಾಳೆಗಳ ಕಟ್ಟನ್ನು ತುಸು ಬಾಗಿಸಿ, ಅಂಚುಗಳು ಒಂದೊಂದು ಕೂದಲೆಳೆಯಷ್ಟು ಬಿಚ್ಚಿಕೊಂಡಾಗ ಎರಡೂ ಕಡೆಯಿಂದ ಅಂಟು ಹಚ್ಚಿ, ಬೆನ್ನಿಗೆ ಗಾಜ್ ಬಟ್ಟೆಯ ಪಟ್ಟಿ ಕೂರಿಸಿ ರಾತ್ರಿಯಿಡೀ ಭಾರ ಹೇರುತ್ತೇನೆ. ಖರ್ಚು ಇಪ್ಪತ್ತು ರೂಪಾಯಿಯ ಒಳಗೆ. ಅಂಟಿಗೆ ಏನು ಬೆರೆಸುತ್ತೇನೆಂಬುದು ನನ್ನಲ್ಲೇ ಇರಲಿ.

ನಿವೃತ್ತ ಅಧ್ಯಾಪಕರೊಬ್ಬರು ‘ಏನಪ್ಪಾ, ಈ ವಯಸ್ಸಿಗೆ ಚಿತ್ರದ ಪುಸ್ತಕವೇ?’ ಎಂದಾಗ ವಾದಿಸದೆ, 1992ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿಯ ವಿಶೇಷ ಗೌರವ ಪಡೆದ, ಆರ್ಟ್ ಸ್ಪೀಗಲ್‌ಮನ್ ಅವರ ಗ್ರಾಫಿಕ್ ಕಾದಂಬರಿ ‘ಮೌಸ್’ ಕೈಗಿತ್ತೆ. ಎರಡನೆಯ ಭಾಗ ಕೇಳಿಕೊಂಡು ಮರುದಿನವೇ ಬಂದರು.

ಪುಟದಲ್ಲಿನ ಚಿತ್ರದ ಚೌಕಗಳನ್ನು ಯಾವ ಕ್ರಮದಲ್ಲಿ ಓದಬೇಕೆಂದು ತಡವರಿಸುವವರಿಗೆ ಅಂಬೇಡ್ಕರ್ ಬದುಕಿನ ‘ಭೀಮಾಯಣ’ವನ್ನು ಕೊಟ್ಟು ನೋಡಿದೆ. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಗೊಂಡ ಆದಿವಾಸಿ ಶೈಲಿಯಲ್ಲಿ ಚಿತ್ರಿಸಿದ ಅದರಲ್ಲಿ ಕಟ್ಟುನಿಟ್ಟಿನ ಚೌಕಗಳಿಲ್ಲ. ಮೃದು ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ, ಕಟು ಮಾತಿಗೆ ಚೇಳಿನ ಕೊಂಡಿ. ಇಷ್ಟನ್ನು ತೋರಿಸಿಕೊಟ್ಟರೆ ಅಂಥವರು ಸರಾಗವಾಗಿ ಓದುತ್ತಾರೆ. ಅಮರ ಚಿತ್ರಕಥೆ ಓದಿ ಬೆಳೆದವರಿಗೆ ಮಾತ್ರ ಚೌಕವಿಲ್ಲದ ಪುಟವೇ ತೊಡಕು. ಅವರಿಗೆ ಬೇರೆಯದನ್ನು ಕೊಡುತ್ತೇನೆ.

ಜಪಾನಿನ ಚಿತ್ರಕಥೆಯಾದ ಮಂಗಾವನ್ನು ಓದುವುದು ಬಲದಿಂದ ಎಡಕ್ಕೆ. ‘ಬೈಂಡಿಂಗ್ ತಿರುವುಮುರುವಾಗಿದೆ, ಬಾಡಿಗೆ ವಾಪಸು ಕೊಡಿ’ ಎಂದು ಸದಸ್ಯರೊಬ್ಬರು ಪಟ್ಟು ಹಿಡಿದ ಮೇಲೆ, ನಮ್ಮವರು ಮೊದಲು ತೆರೆಯುವ ಬದಿಯಲ್ಲೇ ಬಾಣದ ಗುರುತಿನ ಚೀಟಿ ಅಂಟಿಸುತ್ತಿದ್ದೇನೆ. ಸರಣಿಯ ಮೊದಲ ಸಂಪುಟಕ್ಕೆ ಬಾಡಿಗೆ ಕೇಳುವುದಿಲ್ಲ. ಅದನ್ನು ಓದಿ ಎರಡನೆಯದಕ್ಕೆ ಬಂದವರಲ್ಲಿ ಹತ್ತಕ್ಕೆ ಆರೇಳು ಮಂದಿ ಇಪ್ಪತ್ತನೆಯ ಸಂಪುಟದವರೆಗೂ ಬಿಡುವುದಿಲ್ಲ.