ಚರ್ಮದ ಸೋಫಾಕ್ಕೆ ತೆಂಗಿನೆಣ್ಣೆ ಬೇಡ

ಮುಂಬೈಯ ಮಳೆಗಾಲದಲ್ಲಿ ಚರ್ಮದ ಸೋಫಾದ ಮೇಲೆ ಬಿಳಿ ಬೂಷ್ಟು ಕಂಡೊಡನೆ ಒದ್ದೆ ಬಟ್ಟೆ ಹಿಡಿದು ಓಡುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ತೇವದಿಂದ ಬಂದದ್ದಕ್ಕೆ ಇನ್ನಷ್ಟು ತೇವವೇ? ಸಾಲದೆಂದು ಹೊಳಪಿಗೆ ತೆಂಗಿನೆಣ್ಣೆ ಬೇರೆ. ಎಣ್ಣೆ ಚರ್ಮದೊಳಗೆ ಇಳಿದು ಕಪ್ಪು ಕಲೆ ಕಟ್ಟುತ್ತದೆ, ಬರಬರುತ್ತಾ ಕಮಟು ವಾಸನೆ ಹೊಡೆಯುತ್ತದೆ. ತಲೆಗೆ ಹಚ್ಚುವುದನ್ನು ತಲೆಗೇ ಹಚ್ಚಿ.

ಮೊದಲು ಅದು ಚರ್ಮವೋ ರೆಕ್ಸಿನ್ನೋ ನೋಡಿಕೊಳ್ಳಿ. ಸೀಟಿನ ಅಡಿಯಲ್ಲಿ ಕತ್ತರಿಸಿದ ಅಂಚು ಸಿಗುತ್ತದೆ. ಹಿಂಬದಿಯಲ್ಲಿ ನೂಲಿನ ನೇಯ್ಗೆ ಕಂಡರೆ ರೆಕ್ಸಿನ್. ಅದು ಸಿಪ್ಪೆ ಏಳತೊಡಗಿದರೆ ಯಾವ ಕ್ರೀಮಿಗೂ ನಿಲ್ಲುವುದಿಲ್ಲ, ಹೊದಿಕೆ ಬದಲಿಸಬೇಕು ಅಷ್ಟೇ.

ಚರ್ಮವಾದರೆ ಕಿಟಕಿ ತೆರೆದು, ಮೂಗಿಗೆ ಬಟ್ಟೆ ಕಟ್ಟಿ, ಒಣ ಮೆತ್ತನೆಯ ಬ್ರಷ್ಷಿನಿಂದ ಬೂಷ್ಟನ್ನು ಉದುರಿಸಿ. ಆಮೇಲೆ ಒಂದಿಷ್ಟು ನೀರಿಗೆ ಮಕ್ಕಳ ಶಾಂಪೂ ಬೆರೆಸಿ ಚೆನ್ನಾಗಿ ಕಲಕಿ, ಮೇಲೆ ನಿಂತ ನೊರೆಯನ್ನಷ್ಟೇ ಹಳೆಯ ಪಂಚೆಯ ತುಂಡಿಗೆ ತೆಗೆದುಕೊಂಡು ಒರೆಸಿ. ಬಟ್ಟೆ ಸೋಪು ಮುಟ್ಟಬೇಡಿ. ಹದ ಮಾಡಿದ ಚರ್ಮದಲ್ಲಿ ಆಮ್ಲದ ಗುಣವಿರುತ್ತದೆ, ಸೋಪಿನ ಕ್ಷಾರ ಅದನ್ನು ಕೆಡಿಸುತ್ತದೆ. ನೀರಿನ ಹನಿಯನ್ನು ಬಿಟ್ಟೊಡನೆ ಹೀರಿಕೊಳ್ಳುವ ಚರ್ಮವಾದರೆ ನೊರೆಯೂ ಬೇಡ. ಒಣಗಿಸಲು ಫ್ಯಾನಿನ ಗಾಳಿ ಸಾಕು, ಬಿಸಿಲಿಗೆ ಬಿರುಕು ಬಿಡುತ್ತದೆ. ಚೌತಿಗೆ ಊರಿಗೆ ಹೋಗುವಾಗ ಪ್ಲಾಸ್ಟಿಕ್ ಹೊದಿಸುವವರಿದ್ದಾರೆ! ಹತ್ತಿಯ ಬೆಡ್‌ಶೀಟ್ ಹೊದಿಸಿ, ಗೋಡೆಯಿಂದ ಗೇಣು ದೂರ ಎಳೆದಿಟ್ಟು ಹೋಗಿ. ಚರ್ಮಕ್ಕೆಂದೇ ಸಿಗುವ ಕ್ರೀಮನ್ನು ಮಳೆ ಮುಗಿದ ಮೇಲೆ, ದೀಪಾವಳಿಯ ಹೊತ್ತಿಗೆ ತೆಳ್ಳಗೆ ಸವರಿದರಾಯಿತು.

ಇನ್ನು ಹರಿದದ್ದರ ವಿಷಯ. ನಮ್ಮ ಮನೆಯವರು ಚೋರ್ ಬಜಾರಿನಿಂದ ಒಂದು ಚರ್ಮದ ಆರಾಮ ಕುರ್ಚಿ ತಂದಿದ್ದರು, ಮಾಟುಂಗದ ಆ ಸಣ್ಣ ಮನೆಯಲ್ಲಿ ಅದಕ್ಕೇ ಅರ್ಧ ಜಾಗ. ಅದರ ಕೈ ಹರಿದಾಗ ಧಾರಾವಿಯಿಂದ ಬಂದ ಮುದುಕ ಕೆಲಸಗಾರರೊಬ್ಬರು ರಿಪೇರಿ ಮಾಡಿದ್ದನ್ನು ಪಕ್ಕದಲ್ಲೇ ಕುಳಿತು ನೋಡಿ ಕಲಿತೆ. ಈಗಿನವರು ಮೇಲಿನಿಂದ ಟೇಪು ಅಂಟಿಸುತ್ತಾರೆ. ತೇಪೆ ಯಾವಾಗಲೂ ಒಳಗಿನಿಂದ ಹೋಗಬೇಕು.

ಗಟ್ಟಿ ಹತ್ತಿ ಬಟ್ಟೆಯನ್ನು ಹರುಕಿಗಿಂತ ಸುತ್ತಲೂ ಹೆಬ್ಬೆರಳಿನಗಲ ದೊಡ್ಡದಾಗಿ ಕತ್ತರಿಸಿ. ನಾಲ್ಕೂ ಮೂಲೆ ದುಂಡಗಿರಲಿ. ಚೂಪು ಮೂಲೆ ಒಳಗೆ ಮಡಚಿಕೊಂಡು ಮೇಲೆ ಗಂಟಿನಂತೆ ಕಾಣುತ್ತದೆ. (ಬಟ್ಟೆಯ ಕತ್ತರಿಯಿಂದ ಹಾಲಿನ ಪ್ಯಾಕೆಟ್ ಕತ್ತರಿಸುವುದನ್ನು ದಯವಿಟ್ಟು ಬಿಡಿ, ಮೊಂಡಾದರೆ ಅದು ಬಟ್ಟೆಯನ್ನು ಅಗಿಯುತ್ತದೆ.) ಚಿಮುಟದಿಂದ ತೇಪೆಯನ್ನು ಹರುಕಿನೊಳಗೆ ತೂರಿಸಿ, ಹಲ್ಲುಕಡ್ಡಿಯ ಹಿಂಬದಿಯಿಂದ ಎಲ್ಲ ಕಡೆ ಸರಿಸಿ ಸುಕ್ಕಿಲ್ಲದಂತೆ ಹರಡಿ. ಬೆರಳಾಡಿಸಿ ನೋಡಿ, ಉಬ್ಬು ಸಿಕ್ಕಿದರೆ ತೆಗೆದು ಮತ್ತೆ ಹಾಕಿ. ಬೇಸರಪಡಬೇಡಿ, ಕೆಲಸವೆಲ್ಲ ಇದರಲ್ಲೇ ಇರುವುದು. ಆಮೇಲೆ ಹಲ್ಲುಕಡ್ಡಿಯ ತುದಿಯಲ್ಲಿ ಅಂಟನ್ನು ತೆಗೆದುಕೊಂಡು ಚರ್ಮದ ಒಳಮೈಗೂ ತೇಪೆಗೂ ನಡುವೆ ಸವರಿ. ಒಣಗಿದ ಮೇಲೂ ಬಗ್ಗುವ ಅಂಟೇ ಬೇಕು. ಕ್ಷಣದಲ್ಲಿ ಕಚ್ಚುವ ಗಮ್ಮು ಕಲ್ಲಾಗಿ, ಕುಳಿತಾಗ ಅದರ ಪಕ್ಕದಲ್ಲೇ ಹೊಸದಾಗಿ ಹರಿಯುತ್ತದೆ. ಎರಡು ಅಂಚನ್ನೂ ಒಂದರ ಮೇಲೊಂದು ಏರದಂತೆ ಮುಖಕ್ಕೆ ಮುಖ ಕೂಡಿಸಿ, ಎದ್ದ ಎಳೆಗಳನ್ನು ಒಳಗೆ ಒತ್ತಿ, ಉಕ್ಕಿದ ಅಂಟನ್ನು ಕೂಡಲೇ ಒರೆಸಿ. ಮೇಲೆ ಬಟರ್ ಪೇಪರ್, ಅದರ ಮೇಲೆ ಚಪಾತಿ ಮಣೆ, ಅದರ ಮೇಲೆ ಕುಟ್ಟಾಣಿ. ಬೆಳಗಿನವರೆಗೆ ಯಾರೂ ಎತ್ತಿ ನೋಡುವಂತಿಲ್ಲ.

ಹೊಲಿಗೆ ಬಿಟ್ಟಿದ್ದರೆ ಅಂಟು ನಡೆಯುವುದಿಲ್ಲ, ಹೊಲಿಸಲೇಬೇಕು. ಬಣ್ಣ ಬೇಕಾದರೆ ಸೀಟಿನ ಕುಶನ್ನನ್ನೇ ಹೊತ್ತುಕೊಂಡು ಧಾರಾವಿಯ ಚರ್ಮದ ಅಂಗಡಿಗಳಿಗೆ ಹೋಗಿ. ಮೊಬೈಲಿನ ಫೋಟೋದಲ್ಲಿ ಕಂದು ಎಂದೂ ಸರಿಯಾದ ಕಂದಾಗಿ ಬರುವುದಿಲ್ಲ.