ಪಾಚಿಯನ್ನು ಪಾಚಿಯಿಂದಲೇ ತೆಗೆಯಿರಿ
ಹವಳದ ಅಕ್ವೇರಿಯಂಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಪಾಚಿ ಪರದೆ

ಕೋಲಾರದ ಪೇಟೆಯಲ್ಲಿ ನಿಂತು ‘ಅಂತರಗಂಗೆ’ ಎಂದರೆ ಬೆಟ್ಟ. ಕೆರೆ ಏರಿಯ ಮೇಲೆ ನಿಂತು ಅದೇ ಮಾತು ಆಡಿದರೆ ನೀರಿನ ಮೇಲೆ ಹಾಸಿಕೊಳ್ಳುವ ಕಳೆ. ಸಾರಜನಕ, ರಂಜಕ ಸೇರಿದ ಕೆರೆಯಲ್ಲಿ ಆ ಕಳೆ ಹಬ್ಬುವ ಹಾಗೆಯೇ ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಹವಳದ ಮೇಲೆ ಕೂದಲು ಪಾಚಿ ಹಬ್ಬುತ್ತದೆ. ಎರಡಕ್ಕೂ ಮದ್ದು ಒಂದೇ: ಬೆಳೆದದ್ದನ್ನು ಕಿತ್ತು ದಡಕ್ಕೆ ಹಾಕುವುದು. ಅಲ್ಲೇ ಕೊಳೆಯಲು ಬಿಟ್ಟರೆ ಗೊಬ್ಬರವೆಲ್ಲ ಮತ್ತೆ ನೀರಿಗೇ ಸೇರುತ್ತದೆ.

ಮೀನಿಗೆ ಹಾಕಿದ ತಿಂಡಿಯ ಪ್ರೋಟೀನು ಅಮೋನಿಯ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ತಿಂಡಿಯಲ್ಲಿದ್ದ ರಂಜಕ ಫಾಸ್ಫೇಟ್ ಆಗಿ ಉಳಿಯುತ್ತದೆ. ಸಮುದ್ರಕ್ಕೆ ಇದು ಲೆಕ್ಕಕ್ಕಿಲ್ಲ, ಇನ್ನೂರು ಲೀಟರಿನ ಗಾಜಿನ ಪೆಟ್ಟಿಗೆಗೆ ಲೆಕ್ಕ. ಫಾಸ್ಫೇಟ್ ಏರಿದರೆ ಹವಳ ಸುಣ್ಣದ ಅಸ್ಥಿ ಕಟ್ಟುವುದು ನಿಧಾನವಾಗುತ್ತದೆ, ಪಾಚಿ ಮೇಲುಗೈ ಪಡೆಯುತ್ತದೆ. ಉಪಾಯ ಸರಳ. ಪಾಚಿಗೆ ಟ್ಯಾಂಕಿಗಿಂತ ಒಳ್ಳೆಯ ಜಾಗ ಮಾಡಿಕೊಡಬೇಕು: ಒರಟು ಪರದೆ, ಅದರ ಮೇಲೆ ತೆಳ್ಳಗೆ ರಭಸವಾಗಿ ಹರಿಯುವ ನೀರು, ಹತ್ತಿರದಿಂದ ಬೀಳುವ ಜೋರು ಬೆಳಕು. ಗೊಬ್ಬರವನ್ನೆಲ್ಲ ಅದು ಅಲ್ಲೇ ಹೀರಿಕೊಳ್ಳುತ್ತದೆ, ನೀವು ವಾರಕ್ಕೊಮ್ಮೆ ಕೆರೆದು ಆಚೆ ಹಾಕುತ್ತೀರಿ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ ಈ ವಿಧಾನಕ್ಕೆ 1982ರಲ್ಲಿ ಪೇಟೆಂಟ್ ಪಡೆದರು. ಇಂಗ್ಲಿಷಿನಲ್ಲಿ ಆಲ್ಗೆ ಸ್ಕ್ರಬ್ಬರ್ ಎನ್ನುತ್ತಾರೆ, ಇಲ್ಲಿ ಪಾಚಿ ಪರದೆ ಎನ್ನೋಣ.

ಮೊದಲು ನೀರು ನೋಡಿ

ನಮ್ಮ ಬಯಲುಸೀಮೆಯಲ್ಲಿ ಪರದೆಗಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನು. ಬೋರ್‌ವೆಲ್ ನೀರಿನ ಫ್ಲೋರೈಡ್ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಹೊಸ ಸುದ್ದಿಯಲ್ಲ. ಹೊಲಕ್ಕೆ ಸುರಿದ ಗೊಬ್ಬರದ ನೈಟ್ರೇಟ್ ಕೂಡ ಅದರಲ್ಲಿರಬಹುದು. ಅಂಥ ನೀರಿಗೆ ಉಪ್ಪು ಬೆರೆಸಿ ಟ್ಯಾಂಕ್ ತುಂಬಿದರೆ ಪರದೆ ಒಂದು ಕಡೆ ತೆಗೆಯುತ್ತದೆ, ನೀವು ಇನ್ನೊಂದು ಕಡೆ ತುಂಬುತ್ತೀರಿ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ಆಗಲಿ, ಮನೆಯ ಆರ್‌ಒ ಆಗಲಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡದೆ ನಂಬಬೇಡಿ. ಮನೆಯ ಆರ್‌ಒಗಳಲ್ಲಿ ರುಚಿಗೆಂದು ಸ್ವಲ್ಪ ಹಸಿ ನೀರನ್ನು ವಾಪಸ್ ಬೆರೆಸುವ ತಿರುಪು ಇರುತ್ತದೆ. ಟಿಡಿಎಸ್ ಅಡ್ಜಸ್ಟರ್ ಎಂಬ ಆ ತಿರುಪನ್ನು ಪೂರ್ತಿ ಮುಚ್ಚಿ, ಹೊರಬಂದ ನೀರನ್ನು, ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ತುಂಬಿದ ಕೊಳವೆಯಲ್ಲಿ ಹಾಯಿಸಿ. ಮೀಟರ್ 0 ತೋರಿಸಬೇಕು. ಉಪ್ಪಿನಂಶ 35 ಪಿಪಿಟಿ (ಸಾವಿರ ಪಾಲಿಗೆ 35), ಅಂದರೆ ಸಾಂದ್ರತೆ 1.025ರಿಂದ 1.026. ಆವಿಯಾದ ನೀರಿನ ಬದಲಿಗೆ ಹಾಕುವುದು ಸಿಹಿ ಆರ್‌ಒ ನೀರನ್ನು, ಉಪ್ಪುನೀರನ್ನಲ್ಲ. ಪರದೆ ಹಾಕಿದ ಮೇಲೆ ಆವಿ ಹೆಚ್ಚುತ್ತದೆ. ಏಪ್ರಿಲ್‌ನಲ್ಲಿ ದಿನಾ ಮಟ್ಟ ನೋಡಿ.

ಅಳತೆ: ಟ್ಯಾಂಕಿನದಲ್ಲ, ತಿಂಡಿಯದು

ಹೆಚ್ಚಿನವರು ಎಡವುವುದು ಇಲ್ಲಿ. ಟ್ಯಾಂಕ್ ಎಷ್ಟು ಲೀಟರ್ ಎಂದು ನೋಡಿ ಪರದೆ ಕತ್ತರಿಸುತ್ತಾರೆ. ಗೊಬ್ಬರ ಬರುವುದು ತಿಂಡಿಯಿಂದ, ಹಾಗಾಗಿ ಲೆಕ್ಕವೂ ತಿಂಡಿಯದೇ. ಮೈಸಿಸ್, ಬ್ರೈನ್ ಶ್ರಿಂಪ್ ಎಂಬ ಸಣ್ಣ ಸಿಗಡಿಯಂಥ ಜೀವಿಗಳ ಫ್ರೋಜನ್ ತಿಂಡಿ ದಿನಕ್ಕೆ ಒಂದು ಕ್ಯೂಬ್ ಹಾಕುತ್ತಿದ್ದರೆ, ಎರಡೂ ಬದಿಗೆ ಬೆಳಕು ಬೀಳುವ ಪರದೆ 75 ಚದರ ಸೆಂ.ಮೀ. ಬೇಕು. ಬೆಳಕು ಒಂದೇ ಬದಿಗಾದರೆ ಇದರ ಎರಡರಷ್ಟು. ಒಣ ಫ್ಲೇಕ್ ಹಾಕುವವರು ಹತ್ತು ಚಿಟಿಕೆಯನ್ನು ಒಂದು ಕ್ಯೂಬ್ ಎಂದುಕೊಳ್ಳಬಹುದು.

ದಿನಕ್ಕೆ ಎರಡು ಕ್ಯೂಬ್ ಹಾಕುವ ಟ್ಯಾಂಕನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಬೇಕಾದದ್ದು 150 ಚದರ ಸೆಂ.ಮೀ. ಅಗಲ 12, ಉದ್ದ 13 ಸೆಂ.ಮೀ. ಇಟ್ಟರೆ ಸರಿಹೋಗುತ್ತದೆ. ಪೈಪಿನೊಳಗೆ ಸಿಕ್ಕಿಸಲು ಉದ್ದಕ್ಕೆ ಇನ್ನು 2 ಸೆಂ.ಮೀ. ಸೇರಿಸಿ ಕತ್ತರಿಸಿ. ದೊಡ್ಡದಾದಷ್ಟೂ ಒಳ್ಳೆಯದು ಅನ್ನುವ ಹಾಗಿಲ್ಲ. ತಿಂಡಿಗೆ ಮೀರಿದ ಪರದೆಯಲ್ಲಿ ಪಾಚಿ ಅಲ್ಲೊಂದು ಇಲ್ಲೊಂದು ತೇಪೆಯಾಗಿ ತೆಳ್ಳಗೆ ಬೆಳೆಯುತ್ತದೆ, ಗಟ್ಟಿಯಾಗಿ ಹಿಡಿಯುವುದಿಲ್ಲ.

ಪರದೆ ಮತ್ತು ಪೈಪು

ಪರದೆಗೆ ಬೇಕಾದದ್ದು ಕಸೂತಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕ್ಯಾನ್ವಾಸ್: ಉಲ್ಲನ್ ದಾರದಲ್ಲಿ ಹೂ ಹೆಣೆಯುವ, ಚೌಕ ಚೌಕ ತೂತಿನ ಗಡುಸು ಹಾಳೆ. ಇಂಚಿಗೆ ಏಳು ತೂತಿನದ್ದು ಆರಿಸಿ. ಪಾಲಿಹೌಸ್‌ಗೆ ಹೊದಿಸುವ ಶೇಡ್ ನೆಟ್ ನಮ್ಮಲ್ಲಿ ಬೀದಿಗೊಂದು ಅಂಗಡಿಯಲ್ಲಿದೆ ನಿಜ, ಆದರೆ ಅದು ಜೋತು ಬೀಳುತ್ತದೆ, ಕೆರೆಯುವಾಗ ಬಾಗಿ ಪಾಚಿ ಬುಡಸಮೇತ ಬರುತ್ತದೆ. ಸೊಳ್ಳೆ ಪರದೆಯ ಅಲ್ಯೂಮಿನಿಯಂ ಜಾಲರಿ, ಜಿಐ ಜಾಲರಿ ಬೇಡವೇ ಬೇಡ. ಉಪ್ಪುನೀರಿಗೆ ಯಾವ ಲೋಹವೂ ತಾಗಬಾರದು.

ಹಾಳೆಯನ್ನು ಹಾಗೆಯೇ ಬಳಸಿದರೆ ಪಾಚಿ ಜಾರಿಹೋಗುತ್ತದೆ. ಹಲಗೆಯ ಮೇಲಿಟ್ಟು ಹ್ಯಾಕ್ಸಾ ಬ್ಲೇಡಿನ ಹಲ್ಲಿನಿಂದ ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಗೀಚಿ. ಒಂದೊಂದು ಬದಿಗೆ ಐದು ನಿಮಿಷವಾದರೂ ಬೇಕು. ಪ್ಲಾಸ್ಟಿಕ್ ಎಳೆಗಳು ಎದ್ದು ನಿಂತು, ಅಂಗೈ ಸವರಿದರೆ ಕಳ್ಳಿ ಮುಟ್ಟಿದ ಹಾಗೆ ಚುಚ್ಚಬೇಕು. ಉಪ್ಪುಕಾಗದ ಉಜ್ಜಿದರೆ ಇಷ್ಟು ಒರಟು ಬರುವುದಿಲ್ಲ. ಈ ಕೆಲಸದಲ್ಲಿ ಅವಸರ ಮಾಡಿದವರ ಪರದೆಯಿಂದ ಮೂರನೇ ವಾರಕ್ಕೆ ಪಾಚಿ ಹಾಳೆ ಹಾಳೆಯಾಗಿ ಕಳಚಿ ನೀರಿಗೆ ಬೀಳುತ್ತದೆ.

ಪೈಪು ಮುಕ್ಕಾಲು ಇಂಚಿನ ಪಿವಿಸಿ, ಒಂದು ತುದಿಗೆ ಎಂಡ್ ಕ್ಯಾಪ್, ಇನ್ನೊಂದು ತುದಿಗೆ ಬಿಚ್ಚಿ ಹಾಕಲು ಬರುವ ಯೂನಿಯನ್. ಕೋಲಾರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಡ್ರಿಪ್ ಸಾಮಾನು ಮಾರುವ ಅಂಗಡಿಯಲ್ಲಿ ಇವೆಲ್ಲ ಸಿಗುತ್ತವೆ. ಪೈಪಿನ ಉದ್ದಕ್ಕೆ 12 ಸೆಂ.ಮೀ. ಸೀಳು, ಅಗಲ 3 ಮಿ.ಮೀ. ದುಂಡು ಪೈಪಿನ ಮೇಲೆ ನೇರ ಗೆರೆ ಎಳೆಯುವುದು ಕಷ್ಟ. ಬಾಗಿಲ ಚೌಕಟ್ಟಿನ ಮೂಲೆಗೆ ಪೈಪನ್ನು ಒತ್ತಿ ಹಿಡಿದು, ಚೌಕಟ್ಟಿನ ಅಂಚನ್ನೇ ಸ್ಕೇಲು ಮಾಡಿಕೊಂಡು ಪೆನ್ಸಿಲ್ ಎಳೆಯಿರಿ. ಗೆರೆಯ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದು, ನಡುವೆ ಸಣ್ಣ ಕಟಿಂಗ್ ಡಿಸ್ಕ್‌ನಿಂದ ಸೀಳಿ, ಅರದಿಂದ ನುಣುಪು ಮಾಡಿ. ಸೀಳು ವಂಕಿಯಾದರೆ ನೀರು ಒಂದೇ ಮಗ್ಗುಲಿಗೆ ಇಳಿದು ಅರ್ಧ ಪರದೆ ಒಣಗಿರುತ್ತದೆ. ಪರದೆಯ ಮೇಲಂಚನ್ನು ಸೀಳಿನೊಳಗೆ ತೂರಿಸಿ, ಎರಡೂ ತುದಿಗೆ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿಯಿರಿ. ಅಂಟು ಹಾಕಬೇಡಿ, ಪ್ರತಿ ವಾರ ಬಿಚ್ಚಬೇಕಲ್ಲ.

ಇದನ್ನು ಸಂಪಿನ ಮೇಲೆ ತೂಗುಹಾಕಿ. ಸಂಪು ಎಂದರೆ ಅಂಗಳದ್ದಲ್ಲ, ಟ್ಯಾಂಕಿನ ಕೆಳಗಿಡುವ ಗಾಜಿನ ತೊಟ್ಟಿ. ಪರದೆಯ ಕೆಳಗಿನ ಅಂಚು ಸಂಪಿನ ನೀರಿಗೆ ತಾಗಿರಲಿ. ಆಗ ಸದ್ದೂ ಇಲ್ಲ, ಸಿಡಿತವೂ ಇಲ್ಲ.

ನೀರಿನ ರಭಸ

ಪರದೆಯ ಅಗಲದ ಒಂದು ಸೆಂ.ಮೀ.ಗೆ ಗಂಟೆಗೆ ಸುಮಾರು 52 ಲೀಟರ್. 12 ಸೆಂ.ಮೀ.ಗೆ 625 ಲೀಟರ್. ಪಂಪಿನ ಡಬ್ಬಿಯ ಮೇಲಿನ ಸಂಖ್ಯೆ ಎತ್ತರವೇ ಇಲ್ಲದಾಗಿನದು, ಮೇಲಕ್ಕೆ ಎತ್ತುವಾಗ ಹರಿವು ಕುಗ್ಗುತ್ತದೆ. ಆದ್ದರಿಂದ 1,000ದಿಂದ 1,200 ಲೀಟರಿನ ಪಂಪು ತನ್ನಿ. ಪರೀಕ್ಷೆ ಸುಲಭ: ಸೀಳಿನ ಕೆಳಗೆ 5 ಲೀಟರ್ ಬಕೆಟ್ ಹಿಡಿದರೆ ಅರ್ಧ ನಿಮಿಷದೊಳಗೆ ತುಂಬಬೇಕು.

ಬೆಳಕು

ಸಿಎಫ್‌ಎಲ್ ಕಾಲದ ಲೆಕ್ಕ ಕ್ಯೂಬ್‌ಗೆ ಒಟ್ಟು 12 ವ್ಯಾಟ್. ಎಲ್‌ಇಡಿಗೆ ಅದರ ಅರ್ಧ ಸಾಕು. ನಮ್ಮ ಪರದೆಗೆ ಬದಿಗೆ 6ರಿಂದ 10 ವ್ಯಾಟ್. ನರ್ಸರಿಗಳಲ್ಲಿ ಬಳಸುವ ಗುಲಾಬಿ ಬಣ್ಣದ ಗ್ರೋ ಲೈಟ್ ಇದಕ್ಕೆ ಹೇಳಿಮಾಡಿಸಿದ್ದು, 660 ನ್ಯಾನೊಮೀಟರಿನ ಕೆಂಪು ಹೆಚ್ಚು, 450ರ ನೀಲಿ ಸ್ವಲ್ಪ. ಅದಿಲ್ಲದಿದ್ದರೆ ಹಳದಿ ಛಾಯೆಯ ವಾರ್ಮ್ ವೈಟ್ ಬಲ್ಬೂ ನಡೆಯುತ್ತದೆ. ಪರದೆಯಿಂದ 10 ಸೆಂ.ಮೀ. ದೂರ, ನಡುವೆ ಒಂದು ಅಕ್ರಿಲಿಕ್ ಹಾಳೆ. ಮೊದಲ ಎರಡು ವಾರ 9 ಗಂಟೆ, ಹಸಿರು ಕಂಡ ಮೇಲೆ ನಿಧಾನವಾಗಿ 14ಕ್ಕೆ, ಬೇಕಾದರೆ 18ಕ್ಕೆ ಏರಿಸಿ. ಮೇಲಿನ ಟ್ಯಾಂಕಿನ ದೀಪ ಆರಿದ ಮೇಲೆ ಇದು ಉರಿಯುವಂತೆ ಟೈಮರ್ ಇಟ್ಟರೆ ರಾತ್ರಿ ಪಿಎಚ್ ಕುಸಿಯುವುದೂ ಕಡಿಮೆಯಾಗುತ್ತದೆ.

ಉಪ್ಪುನೀರಿನ ಪಕ್ಕದಲ್ಲಿ ಕರೆಂಟು, ಹುಷಾರು. ಲೈನಿಗೆ ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪ್‌ನ ಇಎಲ್‌ಸಿಬಿ ಇರಲೇಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ, ಹನಿ ಸೋರಿದರೆ ನೆಲಕ್ಕೆ ಬೀಳಲಿ. ಪಂಪು ಯುಪಿಎಸ್ ಲೈನಿನಲ್ಲಿರಲಿ, ದೀಪ ಮೇನ್ ಲೈನಿನಲ್ಲಿರಲಿ. ತಿರುಗುಮುರುಗು ಮಾಡಿದರೆ ಕರೆಂಟ್ ಹೋದಾಗ ನೀರು ನಿಂತು, ದೀಪ ಮಾತ್ರ ಉರಿದು, ಬೆಳೆದ ಪಾಚಿ ಹಪ್ಪಳವಾಗುತ್ತದೆ.

ಬಣ್ಣ ಓದುವುದು

ಮೊದಲ ವಾರ ಕಂದು ಪುಡಿ ಕೂರುತ್ತದೆ. ಅದು ಡಯಾಟಂ ಎಂಬ ಸೂಕ್ಷ್ಮ ಪಾಚಿ, ಗಾಬರಿ ಬೇಡ. ಎರಡನೇ ವಾರ ಕಪ್ಪುಗಂದು ಲೋಳೆ. ಮೂರನೇ ವಾರದಿಂದ ಹಸಿರು ಕೂದಲು. ಮೊದಲ ಹತ್ತು ದಿನಕ್ಕೆ ಬೆರಳಿನಿಂದ ಸಡಿಲವಾದದ್ದನ್ನಷ್ಟೇ ಒರೆಸಿ. ಪರದೆ ಪೂರ್ತಿ ಹದಕ್ಕೆ ಬರಲು ಒಂದರಿಂದ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ನಿಲ್ಲಿಸಬೇಡಿ.

ತಿಂಗಳು ಕಳೆದರೂ ಕಪ್ಪು ಲೋಳೆಯೇ ಇದ್ದರೆ ಗೊಬ್ಬರಕ್ಕೆ ಹೋಲಿಸಿದರೆ ಬೆಳಕು ಕಡಿಮೆ, ಗಂಟೆ ಹೆಚ್ಚಿಸಿ. ಹಳದಿಯಾಗಿ ರಬ್ಬರಿನಂತೆ ಅಂಟಿದರೆ ಬೆಳಕು ಹೆಚ್ಚಾಯಿತು ಅಥವಾ ನೀರಲ್ಲಿ ಕಬ್ಬಿಣದಂಶ ಮುಗಿದಿದೆ. ಮೊದಲು ಗಂಟೆ ಇಳಿಸಿ ನೋಡಿ, ಕಬ್ಬಿಣದ ದ್ರಾವಣ ಆಮೇಲಿನ ಮಾತು.

ಕೊಯ್ಲು

ಹದಕ್ಕೆ ಬಂದ ಪರದೆಯನ್ನು 7ರಿಂದ 14 ದಿನಕ್ಕೊಮ್ಮೆ ಕೆರೆಯಿರಿ. ಎರಡು ಸೆಂ.ಮೀ.ಗಿಂತ ದಪ್ಪ ಬಿಟ್ಟರೆ ಬುಡಕ್ಕೆ ಬೆಳಕು ತಲುಪದೆ ಬೇರು ಸತ್ತು ಇಡೀ ಹಾಸು ಕಳಚುತ್ತದೆ. ಪರದೆ ಬಿಚ್ಚಿ ಅಡುಗೆಮನೆಯ ಸಿಂಕಿಗೆ ತನ್ನಿ. ಬೆರಳಿನಿಂದ, ಇಲ್ಲವೇ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೇಲಿಂದ ಕೆಳಕ್ಕೆ ಒತ್ತಿ ಎಳೆದರೆ ಒದ್ದೆ ಉಲ್ಲನ್ನಿನಂತೆ ಮುದ್ದೆಯಾಗಿ ಬರುತ್ತದೆ. ಪರದೆಯ ಮೇಲೆ ತೆಳು ಹಸಿರು ಉಳಿಯಬೇಕು. ಮುಂದಿನ ಬೆಳೆ ಅದರಿಂದಲೇ ಏಳುವುದು, ಬ್ರಷ್ ಹಾಕಿ ಬೆಳ್ಳಗೆ ಮಾಡಬೇಡಿ. ಬಳಿಕ ಸಿಹಿನೀರಿನಲ್ಲಿ ತೊಳೆಯಿರಿ. ಪಾಚಿ ತಿನ್ನುವ ಕೋಪಿಪಾಡ್ ಹುಳುಗಳು ಅದರಿಂದ ಸಾಯುತ್ತವೆ. ಆರ್‌ಒ ಆಚೆ ಬಿಡುವ ನೀರು ಈ ಕೆಲಸಕ್ಕೆ ಸಾಕು.

ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ಪರೀಕ್ಷೆ ಮಾಡಿ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇದ್ದರೆ ನೆಮ್ಮದಿ. ಎರಡೂ ಸೊನ್ನೆಯಾದರೆ ಬೀಗಬೇಡಿ. ಹವಳ ಬಿಳಚಿಕೊಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಡೈನೊಫ್ಲಾಜೆಲೇಟ್ ಎಂಬ ಗುಳ್ಳೆಗುಳ್ಳೆ ಕಂದು ಲೋಳೆ ಬಂದು ಕೂರುತ್ತದೆ. ಅದನ್ನು ಓಡಿಸುವುದು ಕೂದಲು ಪಾಚಿಗಿಂತ ಕಷ್ಟ. ದೀಪದ ಗಂಟೆ ಇಳಿಸಿ, ತಿಂಡಿ ಹೆಚ್ಚಿಸಿ.

ಇನ್ನೊಂದು ಗೋಜಲು: ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಮಾತ್ರ 0.2ರಲ್ಲಿ ನಿಂತಿರುತ್ತದೆ, ಪಾಚಿ ಬೆಳೆಯುವುದೂ ನಿಲ್ಲುತ್ತದೆ. ನೆಲಕ್ಕಂಟಿ ಬೆಳೆಯುವ ಕಡಲ ಪಾಚಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ ಸುಮಾರು 30 ಪರಮಾಣು ಹೀರುತ್ತದೆ. ನೀರು ಪರೀಕ್ಷೆಯ ಕಿಟ್‌ನ ಭಾಷೆಯಲ್ಲಿ (ತೂಕದ ಲೆಕ್ಕದಲ್ಲಿ) ಹೇಳುವುದಾದರೆ ಒಂದು ಪಾಲು ಫಾಸ್ಫೇಟ್‌ಗೆ 20 ಪಾಲು ನೈಟ್ರೇಟ್. ನೈಟ್ರೇಟ್ ಮೊದಲು ಮುಗಿದರೆ ಫಾಸ್ಫೇಟ್ ಇದ್ದರೂ ತಿನ್ನಲಾರದು. ಆಗ ಅಕ್ವೇರಿಯಂಗೆಂದೇ ಮಾರುವ ನೈಟ್ರೇಟ್ ದ್ರಾವಣವನ್ನು ದಿನಕ್ಕೆ 1 ಪಿಪಿಎಂಗಿಂತ ಹೆಚ್ಚಾಗದಂತೆ ಹಾಕಿದರೆ ಎರಡೂ ಒಟ್ಟಿಗೆ ಇಳಿಯತೊಡಗುತ್ತವೆ. ಫಾಸ್ಫೇಟ್ ಹೀರುವ ಜಿಎಫ್‌ಒ ಹರಳನ್ನು ಪರದೆಯ ಜೊತೆಗೇ ಭರ್ತಿ ಹಾಕುವವರಿದ್ದಾರೆ. ಒಂದೇ ವಾರದಲ್ಲಿ ಫಾಸ್ಫೇಟ್ ಪಾತಾಳಕ್ಕಿಳಿದರೆ ಪೆಟ್ಟು ಬೀಳುವುದು ಹವಳಕ್ಕೆ.

ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿದರೆ ಕೊಯ್ಲು ತಡವಾಗಿದೆ ಎಂದರ್ಥ. ಒಂದು ಹಿಡಿ ಆಕ್ಟಿವೇಟೆಡ್ ಕಾರ್ಬನ್ನನ್ನು ಬಲೆ ಚೀಲದಲ್ಲಿ ಸಂಪಿಗೆ ಬಿಟ್ಟು, ತಿಂಗಳಿಗೊಮ್ಮೆ ಬದಲಿಸಿ.

ಹವಳದ ಬಗ್ಗೆಯೂ ಒಂದು ಮಾತು. ನಮ್ಮ ಕಡಲಿನ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ರಕ್ಷಣೆಯಿದೆ. ಸಮುದ್ರದಿಂದ ಕಿತ್ತು ತಂದ ತುಂಡನ್ನು ಯಾರು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಕೊಯ್ದ ಪಾಚಿಯನ್ನು ಹಿಂಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತಾರೀಖಿನ ಮುಂದೆ ಬರೆದಿಡಿ. ತಿಂಡಿ ಅಷ್ಟೇ ಇದ್ದು ತೂಕ ಇಳಿದರೆ ಪಂಪಿನ ಬಾಯಿ ಕಟ್ಟಿದೆಯೇ, ಸೀಳಿನೊಳಗೆ ಪಾಚಿ ನುಗ್ಗಿದೆಯೇ ನೋಡಿ. ಟ್ಯಾಂಕಿನಲ್ಲಿ ಪಾಚಿ ತಿನ್ನುವ ಟ್ಯಾಂಗ್ ಮೀನಿದ್ದರೆ ಒಂದು ಎಸಳು ಅದಕ್ಕೆ. ಮಿಕ್ಕದ್ದನ್ನು ಕರಿಬೇವಿನ ಬುಡಕ್ಕೆ ಹಾಕುವ ಆಸೆಯಿದ್ದರೆ ಎರಡು ಮೂರು ಸಲ ಸಿಹಿನೀರಿನಲ್ಲಿ ಜಾಲಿಸಿ, ನಾಲಿಗೆಗೆ ಉಪ್ಪು ಹತ್ತದ ಮೇಲೆ ಹಾಕಿ.